ದೀಪ ಬಾರದ ಬಾಗಿಲು


*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ನಮ್ಮ ಓದಿನ ಬಳಗದಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಷ್ಟ್ರೆ, ಬಾಬಾಸಾಹೇಬರು 22 ಪ್ರತಿಜ್ಞೆ ಕೊಟ್ಟು ಹಳೆಯ ಪೂಜೆ ಪುನಸ್ಕಾರದಿಂದ ನಮ್ಮನ್ನು ಬಿಡಿಸಿದರು. ಮತ್ತೆ ನಾವು ಮೇಣದಬತ್ತಿ ಹಚ್ಚೋದು, ಹೂವಿಡೋದು, ಸಾಲಾಗಿ ಹಾಡ್ಕೊಂಡು ಹೋಗೋದು ಯಾಕೆ? ಇದೂ ಅದೇ ಅಲ್ವಾ?"

ಒಳ್ಳೆಯ ಪ್ರಶ್ನೆ. ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಮಗೆಲ್ಲ ಅಂಟಿಗೆ ಪಂಟಿಗೆ ಗೊತ್ತು. ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ಊರ ಗಂಡಸರು ಕಂಬಳಿ ಹೊದ್ದು, ದೀಪ ಹಿಡಿದು, ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ದಾರಿಯಲ್ಲಿ ದೀಪ ಆರಬಾರದು. ಮನೆಯವರು ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದಲೇ ತಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಾಸು, ಕಡುಬು ಕೊಟ್ಟು ಕಳಿಸುತ್ತಾರೆ. ಕೊನೆಗೆ ಕೂಡಿದ ಅಕ್ಕಿಯಲ್ಲಿ ಎಲ್ಲರಿಗೂ ಊಟ. ವರ್ಷವಿಡೀ ಗದ್ದೆಯ ಗಡಿಗೆ, ತೋಟದ ನೀರಿಗೆ ಜಗಳವಾಡಿ ಮಾತು ಬಿಟ್ಟ ಎರಡು ಮನೆಗಳೂ ಆ ರಾತ್ರಿ ಒಂದೇ ಬೆಂಕಿಯಿಂದ ದೀಪ ಹಚ್ಚಿಕೊಳ್ಳಬೇಕು. ಮುರಿದ ಊರನ್ನು ಕೂಡಿಸಲು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಅದು.

ಅಲ್ಲಿ ನೆನೆಯುವ ಬಲಿಯೂ ನಮಗೆ ಪರಕೀಯನಲ್ಲ. ಬಾಬಾಸಾಹೇಬರು ತಮ್ಮ ಮೂವರು ಗುರುಗಳಲ್ಲಿ ಒಬ್ಬರೆಂದು ಕರೆದ ಜೋತಿಬಾ ಫುಲೆಯವರು 1873ರಲ್ಲಿ ಬರೆದ 'ಗುಲಾಮಗಿರಿ'ಯಲ್ಲಿ ಬಲಿರಾಜ ದುಡಿಯುವವರ ನ್ಯಾಯವಂತ ಅರಸ.

ಆದರೆ ನಮ್ಮೂರಿನ ನನ್ನ ಬಾಲ್ಯದ ನೆನಪು ಬೇರೆ. ಕೇರಿಯ ಮಕ್ಕಳೆಲ್ಲ ದಣಪೆಯ ಹತ್ತಿರ ಚಳಿಯಲ್ಲಿ ಕಾಯುತ್ತಿದ್ದೆವು. ದೂರದ ಗದ್ದೆಯಂಚಿನ ಮೇಲೆ ದೀಪ ಬರುವುದು ಕಾಣುತ್ತಿತ್ತು. ಹಾಡು ಹತ್ತಿರವಾಗುತ್ತಿತ್ತು. ಕೇರಿಯ ತಿರುವಿಗೆ ಬಂದಾಗ ದೀಪ ಬೇರೆ ದಾರಿ ಹಿಡಿಯುತ್ತಿತ್ತು. ಅವ್ವ ಮಾತ್ರ ಪ್ರತಿ ವರ್ಷ ಎಣ್ಣೆಯ ಗಿಂಡಿ ತೊಳೆದು ತುಂಬಿಸಿ ಬಾಗಿಲ ಬಳಿ ಇಡುತ್ತಿದ್ದಳು. "ಬರೋ ವರ್ಷ ಬಂದ್ರೂ ಬಂದಾರು" ಅನ್ನುತ್ತಿದ್ದಳು. ಅವಳು ಬದುಕಿರುವವರೆಗೂ ಬರಲಿಲ್ಲ.

ನಾನು ಕಲಿತ ಮೊದಲ ಪಾಠ ಇದು. ಒಂದು ಆಚರಣೆಯ ಗುಣ ತಿಳಿಯಬೇಕಾದರೆ ಅದು ಯಾವ ಯಾವ ಮನೆಗೆ ಹೋಯಿತು ಎಂದು ನೋಡಿದರೆ ಸಾಲದು, ಯಾವ ಮನೆಯನ್ನು ಬಿಟ್ಟು ಹೋಯಿತು ಎಂದೂ ನೋಡಬೇಕು.

ಗಾಯ ಮಾಡುವ ಆಚರಣೆಗಳನ್ನೂ ನಮ್ಮ ಜಿಲ್ಲೆ ಕಂಡಿದೆ. ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು, ಅದರಲ್ಲೂ ನಮ್ಮಂಥ ಬಡ ಮನೆಗಳ ಹೆಣ್ಣುಮಕ್ಕಳು, ಬೆತ್ತಲೆ ಸೇವೆ ಮಾಡಬೇಕಿತ್ತು. 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ಮತ್ತು ವಿಚಾರವಾದಿಗಳು ತಡೆಯಲು ಹೋದಾಗ ಅವರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಹರಕೆಯ ಹೆಸರಿನಲ್ಲಿ ಹೆಣ್ಣಿನ ಮಾನ ಕಳೆಯುವುದನ್ನು ನಿಲ್ಲಿಸಲೇಬೇಕಿತ್ತು.

ಅದೇ ಸಂಘರ್ಷ ಸಮಿತಿಯೇ ನಮಗೆ ಹಾಡನ್ನೂ ಕೊಟ್ಟಿತು. 1970ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಜಿಲ್ಲೆಯ ಭದ್ರಾವತಿಯಿಂದಲೇ ಆ ಸಂಘಟನೆ ಕಟ್ಟಿದರು. ಜಾಥಾ ಬಂದಲ್ಲೆಲ್ಲ ಹೋರಾಟದ ಹಾಡು, ಅದರ ಜೊತೆ ತಮಟೆ. ನಮ್ಮಪ್ಪ ಅದುವರೆಗೆ ಊರವರ ಸಾವಿಗೆ, ಊರವರ ಹಬ್ಬಕ್ಕೆ ಕರೆದಲ್ಲಿ ಹೋಗಿ ದೂರ ನಿಂತು ತಮಟೆ ಬಡಿದವನು. ಜಾಥಾ ಬಂದ ದಿನ ಯಾರೂ ಕರೆಯದೆ ತಾನೇ ತಮಟೆ ಇಳಿಸಿ, ಬೆಂಕಿಗೆ ಕಾಯಿಸಿ, ಮೆರವಣಿಗೆಯ ಮುಂದೆ ನಿಂತ. ಚರ್ಮ ಅದೇ, ಕೋಲು ಅದೇ, ಕೈ ಅದೇ. ಆದರೆ ಅಪ್ಪ ಅವತ್ತು ತಲೆ ಎತ್ತಿ ಬಡಿದ.

ಬಂಧುಗಳೆ, ಭಗವಾನ್ ಬುದ್ಧರೂ ಹೀಗೆಯೇ ಮಾಡಿದರು. ರಾಜಗೃಹದಲ್ಲಿ ಸಿಗಾಲ ಎಂಬ ಯುವಕ ಬೆಳಗಿನ ಜಾವ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಸಾಯುವಾಗ ಅಪ್ಪ ಹೇಳಿದ್ದನ್ನು ನಡೆಸುತ್ತಿದ್ದ, ಅಷ್ಟೆ. ಬುದ್ಧರು ಅವನನ್ನು ಗೇಲಿ ಮಾಡಲಿಲ್ಲ. ಪೂರ್ವವೆಂದರೆ ತಂದೆತಾಯಿ, ದಕ್ಷಿಣವೆಂದರೆ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಕೆಳಗೆ ನಿನಗಾಗಿ ದುಡಿಯುವವರು, ಮೇಲೆ ಶ್ರಮಣರು ಎಂದು ತಿಳಿಸಿಕೊಟ್ಟರು. ದಿಕ್ಕಿಗೆ ಮುಗಿಯುತ್ತಿದ್ದ ಕೈಯನ್ನು ಮನುಷ್ಯರ ಕಡೆಗೆ ತಿರುಗಿಸಿದರು.

ಬಾಬಾಸಾಹೇಬರ ದಾರಿಯೂ ಇದೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಭಂತೆ ಚಂದ್ರಮಣಿಯವರಿಂದ ತಾವು ದೀಕ್ಷೆ ಪಡೆದು, ನಂತರ ಲಕ್ಷಾಂತರ ಜನಕ್ಕೆ ತಾವೇ ದೀಕ್ಷೆ ಕೊಟ್ಟರು. ಒಂದು ಕಾಗದಕ್ಕೆ ಸಹಿ ಹಾಕಿಸಿ ಮುಗಿಸಬಹುದಿತ್ತು. ಅವರು ಜನರನ್ನು ಒಟ್ಟಿಗೆ ನಿಲ್ಲಿಸಿ, ಒಟ್ಟಿಗೆ ದನಿ ಎತ್ತಿಸಿದರು. ನಾವು ಹೇಳುವ ವಂದನೆಗಳನ್ನು ಕೂಡಿಸಿ 'ಬೌದ್ಧ ಪೂಜಾ ಪಾಠ' ಎಂಬ ಚಿಕ್ಕ ಪುಸ್ತಕವನ್ನೂ ಸಿದ್ಧ ಮಾಡಿದರು. ಒಬ್ಬನೇ ಇರುವವನಿಗೆ ಧಮ್ಮ ಬೇಡ, ಇಬ್ಬರು ಕೂಡಿ ಬಾಳಬೇಕಾದಲ್ಲಿ ಧಮ್ಮ ಬೇಕು ಎಂಬುದು ಅವರ 'ಬುದ್ಧ ಮತ್ತು ಆತನ ಧಮ್ಮ'ದ ತಿರುಳು. ಆಚರಣೆಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಂತೆ ಕಾಣುತ್ತಿದ್ದೆ. ಆದರೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ.

ನಾನು ದೀಕ್ಷೆ ಪಡೆದ ಹೊಸತು. ನಮ್ಮ ಕೇರಿಯಲ್ಲೇ, ಎರಡು ಮನೆ ಆಚೆ, ಬೆಳೆದ ಮಗನೊಬ್ಬ ಮಳೆಗಾಲದ ಹೊಳೆಯ ಪಾಲಾದ. ಅವರು ದೀಕ್ಷೆ ಪಡೆದವರಲ್ಲ. ಹಳೆಯ ಕ್ರಮದಂತೆ ಕರ್ಮ, ತಿಥಿ ಎಲ್ಲ ಮಾಡಿದರು. ನಾನು ಆ ಹನ್ನೊಂದು ದಿನವೂ ಅವರ ಅಂಗಳ ತುಳಿಯಲಿಲ್ಲ. "ಮೂಢನಂಬಿಕೆ ನಡೆಯೋ ಕಡೆ ನಾನು ಬರಲ್ಲ" ಎಂದು ಮನೆಯಲ್ಲಿ ಕೂತು ಪುಸ್ತಕ ಓದಿದೆ. ಅವರ ಅಳು ನಮ್ಮ ಜಗುಲಿಯವರೆಗೆ ಕೇಳುತ್ತಿತ್ತು.

ಬಹಳ ದಿನದ ಮೇಲೆ ಆ ತಾಯಿ ಬಾವಿಕಟ್ಟೆಯಲ್ಲಿ ನನ್ನ ಹೆಂಡತಿಗೆ ಹೇಳಿದರಂತೆ: "ಮೇಷ್ಟ್ರ ಮನೆ ಬುದ್ಧನಿಗೆ ನಮ್ಮನೆ ಅಳು ಕೇಳ್ಲೇ ಇಲ್ಲ ಅಲ್ವನೇ?"

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವ್ವನ ಎಣ್ಣೆಯ ಗಿಂಡಿ ನೆನಪಾಯಿತು. ನಮ್ಮ ಬಾಗಿಲು ಬಿಟ್ಟು ಹೋದವರನ್ನು ಜೀವಮಾನವೆಲ್ಲ ಬೈದವನು ನಾನು. ನನ್ನ ಕೈಗೆ ದೀಪ ಬಂದಾಗ ನಾನೂ ಒಂದು ಬಾಗಿಲು ಬಿಟ್ಟು ಹೋಗಿದ್ದೆ.

ಶ್ರಾವಸ್ತಿಯ ಕಿಸಾಗೋತಮಿಯ ಕಥೆಯನ್ನು ಆಮೇಲೆ ಹೊಸದಾಗಿ ಓದಿಕೊಂಡೆ. ಸತ್ತ ಕೂಸನ್ನು ಎದೆಗವಚಿಕೊಂಡು ಬಂದವಳಿಗೆ ಬುದ್ಧರು ಅನಿತ್ಯದ ಉಪದೇಶ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದರು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು. ಸಾವೂ ಎಲ್ಲ ಮನೆಯಲ್ಲಿತ್ತು. ಅವಳಿಗೆ ಸತ್ಯ ತಿಳಿಯಿತು ಎಂದಷ್ಟೇ ನಾವು ಹೇಳಿ ಮುಗಿಸುತ್ತೇವೆ. ನಡುವೆ ನಡೆದದ್ದನ್ನೂ ನೆನೆಯೋಣ. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ಅವಳ ಎದುರು ನಿಂತು ತಮ್ಮ ಮನೆಯ ಸಾವನ್ನು ಹೇಳಿದರು. ಹುಚ್ಚಿ ಎಂದು ದೂರವಿಟ್ಟಿದ್ದ ಊರು ಅವಳೊಡನೆ ಮಾತಾಡಿತು. ಬಾಗಿಲಿಂದ ಬಾಗಿಲಿಗೆ ನಡೆದ ಆ ನಡಿಗೆಯೇ ಅವಳಿಗೆ ಔಷಧವಾಯಿತು.

ಮುಂದಿನ ಡಿಸೆಂಬರ್ 6ಕ್ಕೆ ನಾವು ಕ್ರಮ ಬದಲಿಸಿದೆವು. ಸಭೆ, ಮೈಕು, ಭಾಷಣ ಬಿಟ್ಟೆವು. ಒಂದು ದೀಪ, ಬಾಬಾಸಾಹೇಬರ ಒಂದು ಪಟ, ಅಪ್ಪನ ತಮಟೆ ಹಿಡಿದು ಕೇರಿಯ ಪ್ರತಿ ಮನೆಗೂ ಹೋದೆವು. ದೀಕ್ಷೆ ಪಡೆದ ಮನೆ, ಪಡೆಯದ ಮನೆ ಎಂಬ ಲೆಕ್ಕ ಇಡಲಿಲ್ಲ. ಮನೆಯವರು ತಾವು ಕಳೆದುಕೊಂಡ ಒಬ್ಬರ ಹೆಸರು ಹೇಳುವುದು, ಎಲ್ಲರೂ ಸ್ವಲ್ಪ ಹೊತ್ತು ಮೌನ ನಿಲ್ಲುವುದು, ಮಕ್ಕಳು ಒಂದು ಹಾಡು ಹೇಳುವುದು, ಅವರ ದೀಪ ಹಚ್ಚಿ ಮುಂದೆ ಹೋಗುವುದು. ಇಷ್ಟೇ.

ಆ ತಾಯಿಯ ಬಾಗಿಲಿಗೂ ಹೋದೆವು. ಅವರು ಹೊರಗೆ ಬಂದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ದೀಪ ಮಾತ್ರ ಹಚ್ಚಿಕೊಂಡರು. "ತಪ್ಪಾಯ್ತು ಅಕ್ಕ" ಎಂದೆ. ಅದಕ್ಕೂ ಮಾತಿಲ್ಲ. ಮರುವರ್ಷ ಹೋದಾಗ ಮಗನ ಹೆಸರು ಹೇಳಿದರು. ಹೇಳಿ ಅತ್ತರು. ಕೇರಿಯ ಹೆಂಗಸರೆಲ್ಲ ಸುತ್ತ ಕೂತರು. ಅವರು ಇವತ್ತಿಗೂ ದೀಕ್ಷೆ ಪಡೆದಿಲ್ಲ. ನಾನು ಕೇಳಿಯೂ ಇಲ್ಲ.

ಮಗಳೇ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮೇಣದಬತ್ತಿಯಲ್ಲಿ ಯಾವ ಶಕ್ತಿಯೂ ಇಲ್ಲ. ಅದನ್ನು ಹಿಡಿದು ಯಾರ ಬಾಗಿಲಿಗೆ ಹೋಗುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ.

*ಇಂದಿನ ಅಭ್ಯಾಸ:* ನಾವು ಬಿಟ್ಟು ಹೋದ ಒಂದು ಬಾಗಿಲನ್ನು ನೆನೆಯೋಣ. ಈ ವಾರ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರೋಣ. ಬುದ್ಧಿ ಹೇಳುವುದು ಬೇಡ. ಅವರು ಮಾತಾಡಿದರೆ ಕೇಳೋಣ, ಮಾತಾಡದಿದ್ದರೆ ಸುಮ್ಮನೆ ಕೂರೋಣ.

ಸಕಲ ಜೀವಿಗಳಿಗೂ ಮಂಗಳವಾಗಲಿ.
ಸಾಧು! ಸಾಧು! ಸಾಧು! 🙏 ಜೈಭೀಮ್ 🙏