ಜಗತ್ತೇ ಕಂಡ ಮೇಲೂ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಚಾಡಿಮಾತಿಗೆ ಕಿವಿಗೊಟ್ಟವರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಆದರೆ ಕಂಡದ್ದು ನಿಜವೆಂದು ಎಲ್ಲರಿಗೂ ಖಾತ್ರಿಯಿರುವಾಗಲೇ ಈ ಮಾತನ್ನು ಪಾಲಿಸುವುದು ಕಷ್ಟ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್, ಕೈಗೆ ಬೇಡಿ ತೊಡಿಸಿ ರಸ್ತೆಯಲ್ಲಿ ಬೋರಲು ಕೆಡವಿದ್ದ ಜಾರ್ಜ್ ಫ್ಲಾಯ್ಡ್‌ರನ್ನು ಮಂಡಿಯೂರಿ ಅದುಮಿದರು, 9 ನಿಮಿಷ 29 ಸೆಕೆಂಡು. ಫ್ಲಾಯ್ಡ್ ಸತ್ತರು. ಪೊಲೀಸರ ಮೊದಲ ಪ್ರಕಟಣೆಯಲ್ಲಿ ಮಂಡಿಯ ಸುದ್ದಿಯೇ ಇರಲಿಲ್ಲ. ಅಲ್ಲಿ ನಿಂತಿದ್ದ ಹುಡುಗಿಯೊಬ್ಬಳ ಮೊಬೈಲು ವಿಡಿಯೊ ಜಗತ್ತಿಗೆ ಸತ್ಯ ತೋರಿಸಿತು. ಇಷ್ಟಾದ ಮೇಲೆ ಇನ್ನೆಂಥ ವಿಚಾರಣೆ ಎಂದು ಜನ ಕೇಳಿದರು. ಆ ಸಿಟ್ಟು ನ್ಯಾಯವಾದದ್ದೇ. ಗಾದೆಯೂ ಕಣ್ಣನ್ನು ನಂಬಬೇಡ ಎನ್ನುವುದಿಲ್ಲ. ಕಂಡಲ್ಲಿಗೇ ನಿಲ್ಲಬೇಡ ಎನ್ನುತ್ತದೆ.

ಬೀದಿಯ ಮಾತಿನಲ್ಲಿ ಕೊಲೆ ಎಂದರೆ ಬೇಕೆಂದೇ ಕೊಂದದ್ದು. ಆದರೆ ಕಾನೂನಿನಲ್ಲಿ ಶಾವಿನ್ ಮೇಲಿನ ಅತಿ ದೊಡ್ಡ ಆರೋಪಕ್ಕೆ ಕೊಲ್ಲುವ ಉದ್ದೇಶವನ್ನು ಸಾಬೀತುಪಡಿಸುವ ಅಗತ್ಯವೇ ಇರಲಿಲ್ಲ. ಆ ಬಲಪ್ರಯೋಗ ವಿವೇಕವುಳ್ಳ ಅಧಿಕಾರಿ ಮಾಡುವಂಥದ್ದಲ್ಲ, ಅದು ಹಲ್ಲೆ, ಸಾವಿಗೆ ಆ ಹಲ್ಲೆ ಗಣನೀಯ ಕಾರಣ ಎಂಬುದನ್ನು ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕಿತ್ತು. ಸಾವಿನ ಕಾರಣ ವಿಡಿಯೊ ನೋಡಿದವರ ಕಣ್ಣಿಗೆ ಕಾಣುವಂಥದ್ದಲ್ಲ. ಹೃದ್ರೋಗ, ರಕ್ತದಲ್ಲಿದ್ದ ಮಾದಕದ್ರವ್ಯ, ಪೊಲೀಸ್ ಕಾರಿನ ಹೊಗೆ, ಹೀಗೆ ಪ್ರತಿವಾದಿ ವಕೀಲರು ಒಂದೊಂದನ್ನೂ ಮುಂದಿಟ್ಟರು. ಶ್ವಾಸಕೋಶ ತಜ್ಞ ಡಾ. ಮಾರ್ಟಿನ್ ಟೋಬಿನ್ ಘಟನೆಯ ವಿಡಿಯೊಗಳಿಂದ ಫ್ಲಾಯ್ಡ್‌ರ ಉಸಿರುಗಳನ್ನು ಎಣಿಸಿದ್ದರು. ಕೊನೆಯ ಉಸಿರು ಯಾವುದೆಂದು ಹೇಳಿದರು. ಆಸ್ಪತ್ರೆಯಲ್ಲಿ ರಕ್ತದ ಆಮ್ಲಜನಕ ಶೇ 98ರಷ್ಟಿತ್ತು, ಹಾಗಾಗಿ ಹೊಗೆಯ ವಾದ ನಿಲ್ಲುವುದಿಲ್ಲ ಎಂದರು. ಪೊಲೀಸ್ ಮುಖ್ಯಸ್ಥ ಮೆಡೇರಿಯಾ ಅರಡಾಂಡೊ ಅವರೇ ಬಂದು, ಇದು ನಮ್ಮ ತರಬೇತಿಯಲ್ಲ ಎಂದು ಸಾಕ್ಷಿ ನುಡಿದರು. ಹೀಗೆ ಪ್ರಮಾಣಿಸಿದ್ದರಿಂದ ಸತ್ತವರ ಗೌರವಕ್ಕೆ ಕುಂದಾಯಿತೆಂದು ನನಗನ್ನಿಸುವುದಿಲ್ಲ. ಮಾದಕದ್ರವ್ಯದಿಂದ ಸತ್ತನೆಂಬ ಪಿಸುಮಾತಿಗೆ ಬಹಿರಂಗವಾಗಿ ಉತ್ತರ ಸಿಕ್ಕಿದ್ದು ಆ ವಿಚಾರಣೆಯಲ್ಲಿಯೇ.

ಜನಾಭಿಪ್ರಾಯದ ಒತ್ತಡ ನಿಜಕ್ಕೂ ಇತ್ತು. ಜ್ಯೂರಿ ಆಯ್ಕೆ ನಡೆಯುತ್ತಿದ್ದಾಗಲೇ ನಗರಾಡಳಿತ ಫ್ಲಾಯ್ಡ್ ಕುಟುಂಬಕ್ಕೆ 2.7 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಆ ಹೊತ್ತು ತಪ್ಪಾಗಿತ್ತೆಂದೇ ನನ್ನ ಅಭಿಪ್ರಾಯ. ನ್ಯಾಯಾಧೀಶ ಪೀಟರ್ ಕೇಹಿಲ್ ಆಗಲೇ ಆರಿಸಿದ್ದವರನ್ನು ಮತ್ತೆ ಪ್ರಶ್ನಿಸಿ, ಸುದ್ದಿ ಕೇಳಿ ಮನಸ್ಸು ವಾಲಿದ ಇಬ್ಬರನ್ನು ಕೈಬಿಟ್ಟರು.

2021ರ ಏಪ್ರಿಲ್ 20ರಂದು ತಮ್ಮ ಮೇಲಿದ್ದ ಮೂರೂ ಆರೋಪಗಳಲ್ಲಿ ಶಾವಿನ್ ತಪ್ಪಿತಸ್ಥರೆಂದು ತೀರ್ಪು ಬಂತು. ಜೂನ್‌ನಲ್ಲಿ ಇಪ್ಪತ್ತೆರಡೂವರೆ ವರ್ಷ ಸೆರೆವಾಸ. ಗದ್ದಲಕ್ಕೆ ಹೆದರಿ ಕೊಟ್ಟ ತೀರ್ಪು ಇದು, ವಿಚಾರಣೆಯನ್ನು ಬೇರೆ ಊರಿಗೆ ವರ್ಗಾಯಿಸಬೇಕಿತ್ತು ಎಂದು ಶಾವಿನ್ ಪರ ವಕೀಲರು ಮೇಲ್ಮನವಿ ಸಲ್ಲಿಸಿದರು. 2023ರ ಏಪ್ರಿಲ್‌ನಲ್ಲಿ ಮಿನ್ನೆಸೋಟ ರಾಜ್ಯದ ಮೇಲ್ಮನವಿ ನ್ಯಾಯಾಲಯ ದಾಖಲೆಯನ್ನೆಲ್ಲ ನೋಡಿ ತೀರ್ಪನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾವಿನ್ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.