ಕೊಟ್ಟ ಕೈ, ಬಿಟ್ಟುಹೋದ ಕಾಲು

ಅಮೆರಿಕದ ಅಯೋವಾ ರಾಜ್ಯದಲ್ಲಿ 2010ರ ಏಪ್ರಿಲ್‌ನಲ್ಲಿ ಒಬ್ಬ ವ್ಯಸನಿ ಸತ್ತ. ಸಾಯುವ ಮುನ್ನ ಆತ ಹಲವು ಬಗೆಯ ಮಾದಕ ವಸ್ತುಗಳನ್ನೂ ಮಾತ್ರೆಗಳನ್ನೂ ತೆಗೆದುಕೊಂಡಿದ್ದ. ಒಬ್ಬ ಮಾರಾಟಗಾರನಿಂದ ಕೊಂಡ ಹೆರಾಯಿನ್ ಕೂಡ ಅದರಲ್ಲಿತ್ತು. ಕೊಂಡದ್ದು ಒಂದು ಗ್ರಾಂ. ಮಾರಿದವನಿಗೆ 20 ವರ್ಷ ಜೈಲಾಯಿತು. ಅಲ್ಲಿನ ಒಕ್ಕೂಟ ಕಾನೂನಿನಂತೆ ಮೊದಲ ಸಲ ಸಿಕ್ಕಿಬಿದ್ದವನಿಗೆ ಅಷ್ಟು ಹೆರಾಯಿನ್ ಮಾರಿದ್ದಕ್ಕೆ ಗರಿಷ್ಠ ಶಿಕ್ಷೆ 20 ವರ್ಷ. ಕೊಂಡವನು ಅದರಿಂದ ಸತ್ತರೆ ಕನಿಷ್ಠ ಶಿಕ್ಷೆಯೇ 20 ವರ್ಷ. ಕೆಳಮನೆಯ ಚಾವಣಿ ಮೇಲ್ಮನೆಯ ನೆಲವಾದ ಹಾಗೆ.

ಈ ಕಾನೂನು ಹುಟ್ಟಿದ್ದು ಕೂಡ ಒಂದು ಸಾವಿನಿಂದಲೇ. 1986ರ ಜೂನ್‌ನಲ್ಲಿ ಲೆನ್ ಬಯಾಸ್ ಎಂಬ ಯುವ ಬಾಸ್ಕೆಟ್‌ಬಾಲ್ ಆಟಗಾರ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ ಕೊಕೇನ್ ಸೇವಿಸಿ ತೀರಿಕೊಂಡ. ದೇಶ ಮರುಗಿತು, ಸಿಟ್ಟಾಯಿತು. ಅದೇ ಅಕ್ಟೋಬರ್‌ನಲ್ಲಿ ಹೊಸ ಕಾಯ್ದೆಗೆ ಅಧ್ಯಕ್ಷ ರೇಗನ್ ಸಹಿ ಹಾಕಿದರು.

ದುಃಖಕ್ಕೆ ಯಾರಾದರೂ ಉತ್ತರ ಕೊಡಬೇಕು ಎನ್ನುವುದು ಸಹಜವಾದ ಬಯಕೆ. ಮಗನನ್ನು ಕಳೆದುಕೊಂಡ ತಾಯಿಗೆ ತಾತ್ವಿಕ ಚರ್ಚೆ ಬೇಕಿಲ್ಲ. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಇಬ್ಬರು ಒಂದೇ ಪೊಟ್ಟಣದಿಂದ ಒಂದೇ ಪ್ರಮಾಣವನ್ನು ಇಬ್ಬರಿಗೆ ಕೊಟ್ಟರು ಎನ್ನೋಣ. ಒಬ್ಬ ಪಡೆದವನು ಮರುದಿನ ಎದ್ದ, ಇನ್ನೊಬ್ಬ ಏಳಲಿಲ್ಲ. ಕೊಟ್ಟ ಇಬ್ಬರ ಮನಸ್ಸಿನಲ್ಲಿ, ಕೃತ್ಯದಲ್ಲಿ ಏನೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅವರ ಹಿಡಿತದಲ್ಲಿಲ್ಲದ ಫಲದಲ್ಲಿ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ 1976ರಲ್ಲಿ ಇದನ್ನು ನೈತಿಕ ಅದೃಷ್ಟದ ಸಮಸ್ಯೆ ಎಂದು ಚರ್ಚೆಗೆ ತಂದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾವು ಹೇಳುವುದೂ ಇದರ ಹತ್ತಿರದ ಮಾತೇ. ಅಯೋವಾದ ಪ್ರಕರಣದಲ್ಲಿ, ಹೆರಾಯಿನ್ ಇಲ್ಲದಿದ್ದರೆ ಆತ ಬದುಕುತ್ತಿದ್ದನೇ ಎಂದು ತಜ್ಞರು ಖಚಿತವಾಗಿ ಹೇಳಲಾಗಲಿಲ್ಲ. ಹೆರಾಯಿನ್ ಒಂದೇ ಕೊಲ್ಲಲು ಸಾಕಿತ್ತು ಎಂಬುದೂ ಸಾಬೀತಾಗಿರಲಿಲ್ಲ. ಹಾಗಾಗಿ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹೆಚ್ಚಿನ ಶಿಕ್ಷೆ ಸಲ್ಲದು ಎಂದಿತು. ಕೊಂಬೆ ಮುರಿದದ್ದು ಈ ಕಾಗೆಯಿಂದಲೇ ಎಂದು ಮೊದಲು ತೋರಿಸಿ ಎಂಬುದು ತೀರ್ಪಿನ ಸಾರ.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿ ಒಬ್ಬ ಹೆರಾಯಿನ್ ತುಂಬಿದ ಸಿರಿಂಜ್ ಸಿದ್ಧಮಾಡಿ ಇನ್ನೊಬ್ಬನ ಕೈಗಿಟ್ಟ. ಆತ ತಾನೇ ಚುಚ್ಚಿಕೊಂಡು ಸತ್ತ. ತಿಳಿವಳಿಕೆಯುಳ್ಳ ವಯಸ್ಕನೊಬ್ಬ ಸ್ವಇಚ್ಛೆಯಿಂದ ಚುಚ್ಚಿಕೊಂಡಾಗ, ಒದಗಿಸಿದವನು ನರಹತ್ಯೆಯ ಅಪರಾಧಿಯಲ್ಲ ಎಂದು 2007ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಒದಗಿಸಿದ್ದಕ್ಕೆ ಶಿಕ್ಷೆ ಉಂಟು, ಕೊಂದದ್ದಕ್ಕೆ ಇಲ್ಲ. ವ್ಯಸನಿಯ ಇಚ್ಛೆ ಎಷ್ಟು ಸ್ವತಂತ್ರ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಆದರೆ ವ್ಯಸನಿಗೆ ಸ್ವಂತ ಇಚ್ಛೆಯೇ ಇಲ್ಲ ಎಂದುಬಿಟ್ಟರೆ ಒದಗಿಸಿದವನಿಗೂ ಅದೇ ರಿಯಾಯಿತಿ ಕೊಡಬೇಕಾಗುತ್ತದೆ. ಏಕೆಂದರೆ ಎಷ್ಟೋ ಸಲ ಅವನೂ ವ್ಯಸನಿಯೇ, ತನಗೆಂದು ತಂದದ್ದರಲ್ಲಿ ಪಾಲು ಕೊಟ್ಟ ಗೆಳೆಯ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇಂಗ್ಲೆಂಡಿನದೇ ಇನ್ನೊಂದು ತೀರ್ಪು, 2009ರದು. ಹದಿನಾರರ ಹುಡುಗಿಗೆ ಅವಳ ಮಲಸಹೋದರಿ ಹೆರಾಯಿನ್ ತಂದುಕೊಟ್ಟಿದ್ದಳು. ಹುಡುಗಿಯ ಸ್ಥಿತಿ ಕೆಡುತ್ತಿರುವುದು ಅವಳಿಗೂ ತಾಯಿಗೂ ಕಂಡಿತ್ತು. ತಮಗೆ ತೊಂದರೆಯಾದೀತೆಂಬ ಭಯದಿಂದ ಯಾರನ್ನೂ ಕರೆಯದೆ ಅವಳನ್ನು ಮಲಗಿಸಿದರು. ಬೆಳಿಗ್ಗೆ ಅವಳು ಎದ್ದಿರಲಿಲ್ಲ. ಅಪಾಯ ತಂದೊಡ್ಡುವುದರಲ್ಲಿ ಪಾಲಿದ್ದು, ಅದು ಪ್ರಾಣಕ್ಕೆ ಎರವಾಗುತ್ತಿದೆ ಎಂದು ಗೊತ್ತಾದ ಮೇಲೆ ನೆರವು ತರುವುದು ಕರ್ತವ್ಯ ಎಂದು ನ್ಯಾಯಾಲಯ ಹೇಳಿತು.

ನೈತಿಕವಾಗಿ ತೂಕವಿರುವ ಗಳಿಗೆ ಇದೇ ಎಂದು ನನ್ನ ನಂಬಿಕೆ. ಹೆರಾಯಿನ್‌ನಂಥ ವಸ್ತುಗಳು ಕೊಲ್ಲುವುದು ಉಸಿರಾಟವನ್ನು ನಿಧಾನಗೊಳಿಸಿ. ಬಹಳ ಸಲ ನಡುವೆ ಸ್ವಲ್ಪ ಹೊತ್ತು ಸಿಗುತ್ತದೆ. ನಲಾಕ್ಸೋನ್ ಎಂಬ ಔಷಧ ಆ ಹೊತ್ತಿನೊಳಗೆ ಸಿಕ್ಕರೆ ಉಸಿರು ಮರಳಬಹುದು. ಕೊಡುವಾಗ ಕೊಟ್ಟವನಿಗೆ ಮುಂದೇನಾಗುತ್ತದೋ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಫಲ ಅದೃಷ್ಟದ ಕೈಯಲ್ಲಿಲ್ಲ, ಅವನ ಕೈಯಲ್ಲಿರುವ ಫೋನಿನಲ್ಲಿದೆ. ಆದರೆ ಸತ್ತರೆ ನೀನೇ ಕೊಲೆಗಾರ ಎಂದು ಮೊದಲೇ ಹೇಳಿಟ್ಟಿರುವ ಕಾನೂನು ಆ ಗಳಿಗೆಯಲ್ಲಿ ಅವನ ಕಿವಿಯಲ್ಲಿ ಉಸುರುವುದೇನು? ಓಡಿಹೋಗು ಎಂದು. ಕರೆ ಮಾಡಿದವರನ್ನು ರಕ್ಷಿಸುವ ಕಾಯ್ದೆಗಳು ಅಮೆರಿಕದ ರಾಜ್ಯಗಳಲ್ಲಿವೆ. ನ್ಯೂ ಮೆಕ್ಸಿಕೋ 2007ರಲ್ಲಿ ಮೊದಲನೆಯದಾಯಿತು. ಆದರೆ ಇವು ಹೆಚ್ಚಾಗಿ ಕಾಯುವುದು ವಸ್ತು ಇಟ್ಟುಕೊಂಡ ಆರೋಪದಿಂದ, ಸಾವಿನ ಆರೋಪದಿಂದಲ್ಲ.

ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಶಿಕ್ಷೆಯನ್ನು ಬಹುಮಟ್ಟಿಗೆ ತಕ್ಕಡಿಯಲ್ಲಿ ಅಳೆಯುತ್ತದೆ. ಹೆರಾಯಿನ್ 5 ಗ್ರಾಂವರೆಗೆ ಅಲ್ಪ ಪ್ರಮಾಣ, 250 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಸೇವನೆಯೂ ಅಪರಾಧವೇ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಅದರ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಗೆಳೆಯನ ಉಸಿರು ನಿಲ್ಲುತ್ತಿದೆಯೆಂದು 108ಕ್ಕೆ ಕರೆ ಮಾಡಿದವನ ಬಗ್ಗೆ ಅದು ಮಾತಾಡುವುದಿಲ್ಲ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಅಭಯ ಕೊಟ್ಟಿದೆ. ರಸ್ತೆಯಲ್ಲಿ ಸಾಯುವವನಿಗೆ ಸಲ್ಲುವ ಕರುಣೆ ಬಾಡಿಗೆ ಕೋಣೆಯಲ್ಲಿ ಸಾಯುವವನಿಗೂ ಸಲ್ಲಬೇಡವೇ?

ಮಾರುವವನನ್ನು ಬಿಟ್ಟುಬಿಡಿ ಎಂಬುದು ನನ್ನ ವಾದವಲ್ಲ. ಮಾರಿದ್ದಕ್ಕೆ ಮಾರಾಟದ ಶಿಕ್ಷೆಯಾಗಲಿ. ಸಾಯುತ್ತಿರುವವನನ್ನು ಕಂಡೂ ಬಾಗಿಲು ಎಳೆದುಕೊಂಡು ಹೋದದ್ದಕ್ಕೆ ಬೇರೆಯದೇ, ಭಾರವಾದ ಲೆಕ್ಕವಿರಲಿ. ಆದರೆ ಆ ಲೆಕ್ಕ ಕೇಳುವ ಮೊದಲು, ಕರೆ ಮಾಡಿದವನನ್ನು ಅದೇ ಕರೆಯ ಕಾರಣಕ್ಕೆ ಹಿಡಿಯುವುದಿಲ್ಲ ಎಂಬ ಮಾತನ್ನು ಕಾನೂನು ಕೊಟ್ಟಿರಬೇಕು. ಉಳಿಯುವುದಕ್ಕೆ ಜಾಗ ಕೊಡದೆ, ಓಡಿದೆಯೇಕೆ ಎಂದು ಕೇಳುವುದು ನ್ಯಾಯವಲ್ಲ.