ಯಾರ ಅಪ್ಪಣೆ ಬೇಕು?

ಸ್ತ್ರೀಯು ತನ್ನ ಗರ್ಭದ ವಿಷಯವಾಗಿ ವೈದ್ಯರ ಬಳಿಗೆ ಹೋಗುವಾಗ ಗಂಡನ ಅಪ್ಪಣೆಯನ್ನು ತರಬೇಕೋ ಎಂಬದನ್ನು ವಿಚಾರಿಸೋಣ. ಮೈಸೂರು ಸಂಸ್ಥಾನದ ಸರಕಾರವು 1930ರಲ್ಲಿಯೇ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞಾಪಿಸಿತು. ಬಾಗಿಲು ತೆರೆದದ್ದೇನೋ ನಿಜ, ಆದರೆ ಒಳಗೆ ಬಂದವಳನ್ನು, "ಯಜಮಾನರು ಎಲ್ಲಮ್ಮಾ? ರುಜು ಹಾಕಬೇಕಲ್ಲ" ಎಂದು ಕೇಳುವದು ಇಂದಿಗೂ ಉಂಟು.

ಕಾಯಿದೆಯು ಹಾಗೆ ಕೇಳುವದಿಲ್ಲ. ಗರ್ಭವನ್ನು ತೆಗೆಸುವದರಲ್ಲಿಯೂ, ವೈದ್ಯರು ತಕ್ಕ ಕಾರಣವನ್ನು ಕಂಡ ಮೇಲೆ, 18 ವರುಷ ತುಂಬಿದ ಸ್ವಸ್ಥಬುದ್ಧಿಯ ಸ್ತ್ರೀಯ ಒಪ್ಪಿಗೆಯೊಂದೇ ಸಾಕೆಂದು 1971ರ ಕಾಯಿದೆಯು ಹೇಳುತ್ತದೆ. ಮನೆಯವರ ಒಪ್ಪಿಗೆಯಂಥ, ಕಾಯಿದೆಯಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹಾಕಬಾರದೆಂದು ಸುಪ್ರೀಂ ಕೋರ್ಟು 2022ರಲ್ಲಿ ತಿಳಿಸಿತು.

"ಹಾಗಾದರೆ ಗಂಡನಿಗೆ ಮಾತೇ ಇಲ್ಲವೋ?" ಎಂದು ಕೆಲವರು ಕೇಳುವರು. ಈ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಮಗುವನ್ನು ಸಾಕುವ ಭಾರವು ಇಬ್ಬರದು. ಒಳ್ಳೇ ದಂಪತಿಗಳು ಕೂತು ಮಾತಾಡಿಯೇ ತೀರ್ಮಾನಿಸುವರು. ಆದರೆ ಆಲೋಚನೆ ಹೇಳುವದು ಬೇರೆ, ತಡೆಯುವ ಅಧಿಕಾರ ಬೇರೆ. ಹೆರಿಗೆಯಲ್ಲಿ ಸುರಿಯುವ ರಕ್ತವು ಅವಳದು. ಹೋದರೆ ಪ್ರಾಣವೂ ಅವಳದೇ. ರುಜು ಹಾಕಲೊಲ್ಲದವನು ಆ ಅಪಾಯದಲ್ಲಿ ಪಾಲು ತಕ್ಕೊಳ್ಳಲಾರನು. ಅಲ್ಲದೆ, ರುಜುವಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಟ್ಟವರೆಲ್ಲರು ಸುಮ್ಮನೆ ಮನೆಗೆ ಹೋಗುವರೆಂದು ಎಣಿಸಬಾರದು. ಕೆಲವರು ಗುಟ್ಟಾಗಿ ಮದ್ದು ಕೊಡುವವರ ಕೈಗೆ ಬೀಳುತ್ತಾರೆ. ಅಲ್ಲಿ ರುಜು ಕೇಳುವವರೂ ಇಲ್ಲ, ನಂಜೇರಿದರೆ ನೋಡುವವರೂ ಇಲ್ಲ.